ಹಗ್ಗದ ಎರಡು ತುದಿ



ಕಾಸರಗೋಡಿನ ಕಡಲ ಬದಿಯಲ್ಲಿ ಬಾಳುವ ನಮಗೆ ದೋಣಿ ಹೊಸತಲ್ಲ. ಬೆಳಗಿನ ಜಾವ ಅಳಿವೆ ದಾಟಿ ಹೋಗುವ ದೋಣಿಗಳ ಎಂಜಿನ್ ಸದ್ದಿಗೇ ಎಷ್ಟೋ ಮನೆಗಳಲ್ಲಿ ಎಚ್ಚರವಾಗುತ್ತದೆ. ಆದರೆ ನಮ್ಮ ಕಡೆಯ ವಾಡಿಕೆ ಎಲ್ಲರಿಗೂ ಗೊತ್ತಿದೆ. ಗಂಡಸರು ಕಡಲಿಗೆ ಇಳಿಯುತ್ತಾರೆ. ಹೆಂಗಸರು ದಡದಲ್ಲಿ ಕಾಯುತ್ತಾರೆ. ದೋಣಿ ಬಂದ ಮೇಲೆ ಬುಟ್ಟಿ ಹೊತ್ತು ಮೀನು ಮಾರಲು ಹೊರಡುತ್ತಾರೆ. ಗಂಡ ಎದುರಿಸಿದ ಅಲೆಯನ್ನು ಹೆಂಡತಿ ಕಂಡಿರುವುದಿಲ್ಲ, ಹೆಂಡತಿ ನಡೆದ ಬಿಸಿಲನ್ನು ಗಂಡ ಕಂಡಿರುವುದಿಲ್ಲ.

ಗಂಡ ಹೆಂಡತಿ ಇಬ್ಬರೇ ಒಂದು ಸಣ್ಣ ದೋಣಿಯಲ್ಲಿ ಕುಳಿತು, ಊರಿಲ್ಲದ, ಅಂಗಡಿಯಿಲ್ಲದ, ಕೂಗಿದರೆ ಓಗೊಡುವವರಿಲ್ಲದ ಕರಾವಳಿಯಲ್ಲಿ ವಾರಗಟ್ಟಲೆ ಸಾಗಿದರೆ ಹೇಗಿದ್ದೀತು? ಸಿಟ್ಟು ಬಂದರೆ ಎದ್ದು ಹೊರಗೆ ಹೋಗಲು ಅಂಗಳವಿಲ್ಲ. ತವರಿಗೆ ಹೊರಡಲು ಬಸ್ಸಿಲ್ಲ. ಮಾತು ಬಿಟ್ಟು ಕೂತರೆ ದೋಣಿಯೇ ಮುಂದೆ ಹೋಗುವುದಿಲ್ಲ. ಮದುವೆಯ ಸಿದ್ಧತೆಯ ಶಿಬಿರಗಳಲ್ಲಿ ವಧೂವರರ ಮುಂದೆ ನಿಂತು ಮಾತನಾಡುವ ನಮಗೆ ಈ ಪ್ರಶ್ನೆ ಬಹಳ ದಿನಗಳಿಂದ ತಲೆಯಲ್ಲಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ದಕ್ಷಿಣ ಅಮೆರಿಕದ ತೀರಾ ಕೆಳಗಿನ ತುದಿಯಲ್ಲಿ. ನಾವು ಅಲ್ಲಿಗೆ ಹೋದವರಲ್ಲ. ಓದಿ, ನಕ್ಷೆ ನೋಡಿ, ಹಳೆಯ ಛಾಯಾಚಿತ್ರಗಳನ್ನು ನೋಡಿ ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಭೂಮಿಯ ಕೊನೆಯ ನೀರು

ಭೂಪಟವನ್ನು ತೆರೆದು ಚಿಲಿ ದೇಶವನ್ನು ಹುಡುಕಿರಿ. ಪಡವಲಕಾಯಿಯಂತೆ ಉದ್ದಕ್ಕೆ ಇಳಿದ ಆ ದೇಶದ ಕೆಳಭಾಗಕ್ಕೆ ಬಂದರೆ ನೆಲವೆಲ್ಲ ಚೂರುಚೂರಾಗಿ ಒಡೆದಂತೆ ಕಾಣುತ್ತದೆ. ಸಾವಿರಾರು ದ್ವೀಪಗಳು, ಅವುಗಳ ನಡುವೆ ಹಾವಿನಂತೆ ಹರಿದಾಡುವ ಇಕ್ಕಟ್ಟಾದ ಜಲಮಾರ್ಗಗಳು. ಉತ್ತರದ ಪ್ಯುಯೆರ್ಟೊ ಮೊಂಟ್ ಪಟ್ಟಣದಿಂದ ದಕ್ಷಿಣದ ಕೇಪ್ ಹಾರ್ನ್ ಭೂಶಿರದವರೆಗೆ ಈ ದಾರಿ ಸಾವಿರ ನಾಟಿಕಲ್ ಮೈಲಿಗೂ ಹೆಚ್ಚು. ನಡುವೆ ಸಿಗುವ ಊರುಗಳು ಬೆರಳೆಣಿಕೆಯಷ್ಟು ಮಾತ್ರ.

ತುದಿಯಲ್ಲಿರುವ ದ್ವೀಪ ಸಮೂಹಕ್ಕೆ ಟಿಯೆರಾ ಡೆಲ್ ಫ್ಯೂಗೊ, ಅಂದರೆ ಬೆಂಕಿಯ ನಾಡು, ಎಂದು ಹೆಸರು. 1520ರಲ್ಲಿ ಮೆಗಲನ್ನನ ಹಡಗುಗಳು ಅಲ್ಲಿ ಸಾಗಿದಾಗ ದಡದಲ್ಲಿ ಕಂಡ ಬೆಂಕಿಗಳಿಂದ ಬಂದ ಹೆಸರಿದು. ಅದರ ದಕ್ಷಿಣಕ್ಕೆ ಸುಮಾರು 240 ಕಿಲೋಮೀಟರ್ ಉದ್ದದ ಬೀಗಲ್ ಜಲಮಾರ್ಗವಿದೆ. ಉತ್ತರ ದಡದಲ್ಲಿ ಅರ್ಜೆಂಟೀನಾದ ಉಷುವಾಯಾ ನಗರ, ದಕ್ಷಿಣ ದಡದಲ್ಲಿ ಚಿಲಿಯ ಪ್ಯುಯೆರ್ಟೊ ವಿಲಿಯಮ್ಸ್ ಎಂಬ ಪುಟ್ಟ ಪಟ್ಟಣ. ಡಿಸೆಂಬರಿನಲ್ಲಿ ಅಲ್ಲಿ 17 ಗಂಟೆ ಹಗಲು. ಜೂನ್ ತಿಂಗಳಲ್ಲಿ 7 ಗಂಟೆ ಮಾತ್ರ. ಬೆಟ್ಟದ ಮೇಲಿಂದ ಹಿಮನದಿಗಳು ನೇರವಾಗಿ ನೀರಿಗೆ ಇಳಿಯುತ್ತವೆ.

ಹಿಮನದಿಯ ಚಂದಕ್ಕೆ ಮರುಳಾಗಿ ಹತ್ತಿರ ಹೋಗುವುದು ಅಪಾಯ. 1833ರ ಜನವರಿಯಲ್ಲಿ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ಬಂದಿದ್ದಾಗ, ದಡದಲ್ಲಿ ಊಟಕ್ಕೆ ಕುಳಿತವರ ಎದುರಿಗೇ ಹಿಮದ ದೊಡ್ಡ ಹೋಳೊಂದು ನೀರಿಗೆ ಕುಸಿಯಿತು. ಎದ್ದ ಅಲೆ ಅವರ ದೋಣಿಗಳನ್ನು ಒಡೆದು ಹಾಕುವುದರಲ್ಲಿತ್ತು. ಡಾರ್ವಿನ್ ಮತ್ತು ಕೆಲವು ನಾವಿಕರು ಓಡಿಹೋಗಿ ದೋಣಿಗಳನ್ನು ಹಿಡಿದು ಎಳೆದರು. ದೋಣಿ ಹೋಗಿದ್ದರೆ ಅವರಿಗೆ ಹಿಂದಿರುಗುವ ದಾರಿಯೇ ಇರಲಿಲ್ಲ. ನಾಯಕ ಫಿಟ್ಜ್‌ರಾಯ್ ಮರುದಿನ ಅಲ್ಲಿನ ಒಂದು ಜಲಭಾಗಕ್ಕೆ ಡಾರ್ವಿನ್ನರ ಹೆಸರನ್ನೇ ಇಟ್ಟರು.

ಬೆಂಕಿ ಹೊತ್ತ ದೋಣಿ

ಈ ನೀರಿನಲ್ಲಿ ಯುರೋಪಿಯನ್ನರು ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಯಾಗನ್ ಎಂಬ ಜನರು ಬದುಕುತ್ತಿದ್ದರು. ಯಾಮನ ಎಂದೂ ಅವರನ್ನು ಕರೆಯುವುದುಂಟು. ಅವರ ಮನೆ ದೋಣಿ. ಬೀಚ್ ಜಾತಿಯ ಮರದ ತೊಗಟೆಯ ದೊಡ್ಡ ಹಾಳೆಗಳನ್ನು ಹೊಲಿದು ಅದನ್ನು ಮಾಡುತ್ತಿದ್ದರು. ಒಂದು ದೋಣಿಯಲ್ಲಿ ಒಂದು ಸಂಸಾರ. ದಿನಕ್ಕೊಂದು ಕೊಲ್ಲಿ, ವಾರಕ್ಕೊಂದು ದ್ವೀಪ ಎಂದು ಅವರ ಬಾಳು ಸಾಗುತ್ತಿತ್ತು.

ದೋಣಿಯೊಳಗಿನ ಕೆಲಸದ ಹಂಚಿಕೆ ನೋಡಿ. ಗಂಡ ಮುಂದಿನ ತುದಿಯಲ್ಲಿ ಈಟಿ ಹಿಡಿದು ಕಡಲನಾಯಿಗಾಗಿ ಕಣ್ಣಿಟ್ಟು ಕೂರುತ್ತಿದ್ದ. ಹುಟ್ಟು ಹಾಕಿ ದೋಣಿ ನಡೆಸುವವಳು ಹೆಂಡತಿ. ನಡುವೆ ಮಕ್ಕಳು. ಅವರ ಕೆಲಸ ಬೆಂಕಿ ಕಾಯುವುದು. ಹೌದು, ತೊಗಟೆಯ ದೋಣಿಯೊಳಗೇ, ಮಣ್ಣು ಮರಳಿನ ಹಾಸಿನ ಮೇಲೆ, ಬೆಂಕಿ ಸದಾ ಉರಿಯುತ್ತಿತ್ತು. ಆ ಚಳಿಯಲ್ಲಿ, ಆ ಮಳೆಯಲ್ಲಿ ಬೆಂಕಿ ಆರಿದರೆ ಮತ್ತೆ ಹೊತ್ತಿಸುವುದು ಸುಲಭವಾಗಿರಲಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ದಡ ಸೇರಿದ ಮೇಲೆ ಗಂಡ ಮಕ್ಕಳು ಇಳಿಯುತ್ತಿದ್ದರು. ಹೆಂಡತಿ ದೋಣಿಯನ್ನು ಸ್ವಲ್ಪ ದೂರಕ್ಕೆ ಒಯ್ದು, ನೀರಿನಲ್ಲಿ ಹಗ್ಗದಂತೆ ಬೆಳೆಯುವ ಕಡಲಪಾಚಿಗೆ ಕಟ್ಟಿ, ಮೈ ಕೊರೆಯುವ ಆ ನೀರಿನಲ್ಲಿ ಈಜಿಕೊಂಡು ದಡಕ್ಕೆ ಬರುತ್ತಿದ್ದಳು. ದೋಣಿ ಬಂಡೆಗೆ ಬಡಿದು ಹಾಳಾಗಬಾರದೆಂದು ಈ ಜಾಗ್ರತೆ. ಈಜು ಕಲಿಯುತ್ತಿದ್ದವರು ಹೆಣ್ಣುಮಕ್ಕಳು. ಗಂಡಸರಲ್ಲಿ ಹೆಚ್ಚಿನವರಿಗೆ ಈಜು ಬಾರದು. ನೀರಿನಡಿಗೆ ಮುಳುಗಿ, ನಮ್ಮ ಕಡೆಯ ಕಲ್ಲುಮ್ಮಕ್ಕಾಯಿಯಂಥ ಚಿಪ್ಪುಗಳನ್ನು ಕಿತ್ತು ತರುತ್ತಿದ್ದವರೂ ಹೆಂಗಸರೇ. ಬೇಟೆ ಸಿಗದ ದಿನ ಸಂಸಾರದ ಹೊಟ್ಟೆ ತುಂಬುತ್ತಿದ್ದುದು ಅದರಿಂದ.

ಇಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು? ಈಟಿ ಎಸೆಯುವ ಗಂಡನಿಗೆ ದೋಣಿ ನಡೆಸುವ ಹೆಂಡತಿ ಬೇಕು. ಅವಳು ಒಂದು ಗಳಿಗೆ ತಪ್ಪಿ ತಿರುಗಿಸಿದರೆ ಅವನ ಗುರಿ ತಪ್ಪಿತು. ಅವನು ಸುಮ್ಮನೆ ಎದ್ದು ನಿಂತರೆ ಅವಳ ಹುಟ್ಟು ವ್ಯರ್ಥ.

ಈ ಜನರ ಬಗ್ಗೆ ನಾವು ಇಷ್ಟು ತಿಳಿಯಲು ಕಾರಣರಾದವರಲ್ಲಿ ಒಬ್ಬರು ನಮ್ಮ ಧರ್ಮಸಭೆಯ ಗುರುಗಳೇ. ಎಸ್‌ವಿಡಿ ಸಭೆಯ ಫಾದರ್ ಮಾರ್ಟಿನ್ ಗುಸಿಂಡೆ 1918ರಿಂದ 1924ರ ನಡುವೆ ನಾಲ್ಕು ಬಾರಿ ಅಲ್ಲಿಗೆ ಹೋಗಿ, ಅವರೊಡನೆ ಬಾಳಿ, ಅವರ ಆಚಾರಗಳನ್ನು ಕಲಿತು ಬರೆದಿಟ್ಟರು. ಅವರು ತೆಗೆದ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಆದರೆ ಅವರು ಹೋಗುವ ಹೊತ್ತಿಗೆ ಯಾಗನ್ ಜನರಲ್ಲಿ ಉಳಿದಿದ್ದವರು ತೀರಾ ಕಡಿಮೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುಮಾರು ಮೂರು ಸಾವಿರ ಇದ್ದರೆಂದು ಅಂದಾಜಿಸಲಾದ ಆ ಜನರನ್ನು ಹೊರಗಿನಿಂದ ಬಂದ ದಡಾರದಂಥ ರೋಗಗಳು ಗುಡಿಸಿ ಹಾಕಿದ್ದವು.

ಒಂದು ಪದದ ಕಥೆ

ಗುಸಿಂಡೆಯವರಿಗಿಂತ ಮೊದಲು ಅಲ್ಲಿ ನೆಲೆಸಿದವರು ಆಂಗ್ಲಿಕನ್ ಮಿಷನರಿ ಥಾಮಸ್ ಬ್ರಿಜಸ್ ಮತ್ತು ಅವರ ಪತ್ನಿ ಮೇರಿ. 1871ರಲ್ಲಿ ಈ ದಂಪತಿಗಳು ಹಸುಗೂಸನ್ನು ಎತ್ತಿಕೊಂಡು ಉಷುವಾಯಾಕ್ಕೆ ಬಂದಾಗ ಅಲ್ಲಿ ನಗರವಿರಲಿಲ್ಲ. ಮುಂದೆ 1886ರಲ್ಲಿ ಬೀಗಲ್ ದಡದಲ್ಲೇ ಅವರು ಕಟ್ಟಿದ ಜಮೀನಿನ ಮನೆಗೆ ಹಾರ್ಬರ್ಟನ್ ಎಂದು ಹೆಸರಿಟ್ಟರು. ಅದು ಇಂಗ್ಲೆಂಡಿನಲ್ಲಿ ಮೇರಿಯವರ ಹುಟ್ಟೂರಿನ ಹೆಸರು. ತವರು ಬಿಟ್ಟು ಇಷ್ಟು ದೂರ ಬಂದ ಹೆಂಡತಿಗೆ ಆ ಹೆಸರು ದಿನವೂ ಕಿವಿಗೆ ಬೀಳುತ್ತಿತ್ತು.

ಥಾಮಸ್ ಬ್ರಿಜಸ್ ಯಾಗನ್ ಭಾಷೆಗೆ ಸುಮಾರು 32,000 ಪದಗಳ ನಿಘಂಟು ಸಿದ್ಧಪಡಿಸಿದರು. ಓದು ಬರಹವಿಲ್ಲದವರೆಂದು ಜಗತ್ತು ತಾತ್ಸಾರ ಮಾಡಿದ ಜನರ ಬಾಯಲ್ಲಿ ಇಷ್ಟು ಪದಗಳಿದ್ದವು! ಆ ಭಾಷೆಯ ಒಂದು ಪದ ಈಗ ಲೋಕಪ್ರಸಿದ್ಧ: ಮಾಮಿಹ್ಲಾಪಿನಾತಾಪೈ. ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಇಬ್ಬರಿಗೂ ಒಂದೇ ಕೆಲಸ ಆಗಬೇಕಾಗಿದೆ. ಆದರೆ ಅವನೇ ಮೊದಲು ಮಾಡಲಿ ಎಂದು ಇವಳು, ಅವಳೇ ಮೊದಲು ಮಾಡಲಿ ಎಂದು ಅವನು ಕಾಯುತ್ತಿದ್ದಾರೆ. ಆ ನೋಟಕ್ಕೆ ಈ ಪದ. ಬಹಳ ಅರ್ಥವನ್ನು ಒಂದೇ ಮಾತಿನಲ್ಲಿ ಅಡಗಿಸಿದ ಪದವೆಂದು ಗಿನ್ನೆಸ್ ದಾಖಲೆಯ ಪುಸ್ತಕವೂ ಅದನ್ನು ಹೆಸರಿಸಿತು.

ಇದನ್ನು ಓದಿದಾಗ ನಮಗೆ ನಗು ಬಂತು. ಮರುಕ್ಷಣ ನಗು ನಿಂತಿತು. ಎಷ್ಟು ಮನೆಗಳಲ್ಲಿ ಈ ನೋಟವನ್ನು ನಾವು ಕಂಡಿಲ್ಲ! ಗಂಡನಿಗೆ ಕ್ಷಮೆ ಕೇಳುವ ಮನಸ್ಸಿದೆ, ಹೆಂಡತಿಗೂ ಇದೆ. ಆದರೆ ಬಾಯಿ ತೆರೆಯುವವರು ಯಾರು? ಹೀಗೆ ಕಾಯುತ್ತಾ ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಮನೆ ದೊಡ್ಡದಾಗಿದ್ದರೆ ಒಬ್ಬರು ಚಾವಡಿಯಲ್ಲಿ, ಇನ್ನೊಬ್ಬರು ಅಡಿಗೆಮನೆಯಲ್ಲಿ ಇದ್ದು ವರ್ಷವನ್ನೂ ಕಳೆಯಬಹುದು. ಸಣ್ಣ ದೋಣಿಯಲ್ಲಿ ಅದಕ್ಕೆ ಜಾಗವಿಲ್ಲ.

ಹಗ್ಗ ಕಟ್ಟುವ ಸಂಜೆ

ಇಂದು ಈ ಜಲಮಾರ್ಗಗಳಿಗೆ ಬೇರೆ ಬೇರೆ ದೇಶಗಳ ದಂಪತಿಗಳು ಸ್ವಂತ ಹಾಯಿದೋಣಿಗಳಲ್ಲಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವ ಮಾರ್ಗದರ್ಶಿ ಗ್ರಂಥವನ್ನು ರಚಿಸಿದವರೂ ದಂಪತಿಗಳೇ. ಇಟಲಿಯ ಮಾರಿಯೋಲಿನಾ ರೋಲ್ಫೋ ಮತ್ತು ಜಾರ್ಜಿಯೊ ಆರ್ಡ್ರಿಟ್ಸಿ ತಮ್ಮ ದೋಣಿಯಲ್ಲಿ ಈ ದ್ವೀಪಗಳ ನಡುವೆ ಸುತ್ತಿ, ದೋಣಿ ನಿಲ್ಲಿಸಬಹುದಾದ ನೂರಾರು ಜಾಗಗಳ ಆಳ, ಬಂಡೆ, ಗಾಳಿಯ ದಿಕ್ಕು ಎಲ್ಲವನ್ನೂ ಗುರುತಿಸಿ ಪುಸ್ತಕ ಮಾಡಿದರು.

ಹೊರಡುವ ಮೊದಲು ಚಿಲಿಯ ನೌಕಾಪಡೆಯಿಂದ ಅನುಮತಿ ಪತ್ರ ಪಡೆಯಬೇಕು. ದಾರಿಯಲ್ಲಿ ಪ್ರತಿದಿನ ತಾವು ಎಲ್ಲಿದ್ದೇವೆಂದು ತಿಳಿಸಬೇಕು. ಡೀಸೆಲ್, ಅಕ್ಕಿ, ಹಿಟ್ಟು, ಔಷಧಿ ಎಲ್ಲವನ್ನೂ ಮೊದಲೇ ತುಂಬಿಕೊಳ್ಳಬೇಕು. ದಡದಲ್ಲಿ ಚಿಪ್ಪುಗಳು ಬೇಕಾದಷ್ಟಿದ್ದರೂ ಈಗ ಕಿತ್ತು ತಿನ್ನುವಂತಿಲ್ಲ. ಕೆಂಪು ಉಬ್ಬರ ಎಂದು ಕರೆಯುವ ಸೂಕ್ಷ್ಮ ಪಾಚಿಯ ವಿಷ ಅವುಗಳಲ್ಲಿ ಸೇರಿರಬಹುದು. ಎಷ್ಟು ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ಗಾಳಿಯದು. ಬೆಟ್ಟಗಳ ಮೇಲೆ, ಹಿಮದ ಹಾಸಿನ ಮೇಲೆ ತಣ್ಣಗಾದ ಗಾಳಿ ಭಾರವಾಗಿ ಒಮ್ಮೆಲೇ ಕಣಿವೆಯ ದಾರಿಯಲ್ಲಿ ಕೆಳಗೆ ಬೀಳುತ್ತದೆ. ನಾವಿಕರು ಇದನ್ನು ವಿಲಿವಾ ಎನ್ನುತ್ತಾರೆ. ಒಂದು ನಿಮಿಷ ಮೊದಲು ಕನ್ನಡಿಯಂತಿದ್ದ ನೀರು ಮರುನಿಮಿಷ ಹೊಗೆಯಂತೆ ಮೇಲೇಳುತ್ತದೆ. ನೀರೋ ದಡದ ಬುಡದಲ್ಲೇ ಬಹಳ ಆಳ. ಲಂಗರು ಒಂದನ್ನೇ ನಂಬಿ ಮಲಗುವಂತಿಲ್ಲ.

ಆದ್ದರಿಂದ ಸಂಜೆ ಹೀಗೆ ಮಾಡುತ್ತಾರೆ. ಕಲೆಟಾ ಎಂದು ಕರೆಯುವ ಸಣ್ಣ ಕೊಲ್ಲಿಯೊಂದನ್ನು ಹುಡುಕಿ, ಹೊರಗೆ ಲಂಗರು ಬಿಟ್ಟು, ದೋಣಿಯನ್ನು ಹಿಮ್ಮುಖವಾಗಿ ದಡದ ಮರಗಳ ಹತ್ತಿರಕ್ಕೆ ತರುತ್ತಾರೆ. ಈಗ ದಂಪತಿಗಳಲ್ಲಿ ಒಬ್ಬರು ದೊಡ್ಡ ದೋಣಿಯ ಚುಕ್ಕಾಣಿ ಮತ್ತು ಎಂಜಿನ್ ನೋಡಿಕೊಂಡು ಅದನ್ನು ಇದ್ದಲ್ಲೇ ನಿಲ್ಲಿಸಬೇಕು. ಇನ್ನೊಬ್ಬರು ಉದ್ದನೆಯ ಹಗ್ಗದ ತುದಿಯನ್ನು ಹಿಡಿದು, ಪುಟ್ಟ ಗಾಳಿದೋಣಿಯಲ್ಲಿ ಹುಟ್ಟು ಹಾಕುತ್ತಾ ದಡಕ್ಕೆ ಹೋಗಿ, ಪಾಚಿ ಹಿಡಿದ ಬಂಡೆ ಹತ್ತಿ, ಗಟ್ಟಿಯಾದ ಮರಕ್ಕೆ ಸುತ್ತಿ ಬರಬೇಕು. ಹೀಗೆ ಎರಡು, ಮೂರು, ಗಾಳಿ ಜೋರಾಗಿದ್ದರೆ ನಾಲ್ಕು ಹಗ್ಗಗಳು.

ಎಂಜಿನ್ನಿನ ಸದ್ದು, ಗಾಳಿಯ ಸದ್ದು. ಕೂಗಿದ ಮಾತು ಕೇಳಿಸುವುದಿಲ್ಲ. ಕೂಗಿದರೆ ಬೈದಂತೆ ಮಾತ್ರ ಕೇಳುತ್ತದೆ. ಅದಕ್ಕಾಗಿ ಅನುಭವಿಗಳು ಹೊಸ ದಂಪತಿಗಳಿಗೆ ಹೇಳುವ ಬುದ್ಧಿಮಾತು ಒಂದೇ: ಕೊಲ್ಲಿಯೊಳಗೆ ಹೋಗುವ ಮೊದಲೇ, ನೀರು ಶಾಂತವಾಗಿರುವಾಗಲೇ, ಕುಳಿತು ಮಾತನಾಡಿಕೊಳ್ಳಿ. ಯಾವ ಮರಕ್ಕೆ ಕಟ್ಟುವುದು, ಯಾರು ಹೋಗುವುದು, ಕೈ ಎತ್ತಿದರೆ ಏನರ್ಥ, ಕೆಲಸ ಕೆಟ್ಟರೆ ಹೇಗೆ ಹಿಂದೆ ಸರಿಯುವುದು. ಕೈಸನ್ನೆಗಳನ್ನು ಮೊದಲೇ ನಿಶ್ಚಯಿಸಿಕೊಂಡವರು ಗಾಳಿಯಲ್ಲಿ ಜಗಳವಾಡುವುದಿಲ್ಲ. ಕೆಲಸಗಳನ್ನು ಆಗಾಗ ಅದಲು ಬದಲು ಮಾಡಿಕೊಳ್ಳಿ ಎಂದೂ ಹೇಳುತ್ತಾರೆ. ಒಬ್ಬರು ಕಾಲು ಮುರಿದು ಮಲಗಿದರೆ ಇನ್ನೊಬ್ಬರು ದೋಣಿಯನ್ನು ಊರಿಗೆ ತಲುಪಿಸಬೇಕಲ್ಲ!

ದಡಕ್ಕೆ ಹೋದವರ ಜೀವ ಚುಕ್ಕಾಣಿ ಹಿಡಿದವರ ಕೈಯಲ್ಲಿ. ದೋಣಿಯಲ್ಲಿ ಉಳಿದವರ ಜೀವ ಮರಕ್ಕೆ ಹಾಕಿದ ಗಂಟಿನಲ್ಲಿ. ಆ ಗಂಟನ್ನು ಇವರು ನೋಡಿಲ್ಲ. ನಂಬಿ ಮಲಗಬೇಕು.

ಎರಡು ಸಲ ಬಿದ್ದವರು

ಬ್ರಿಟಿಷರ ಕಾಲದ ಭಾರತೀಯ ಸೇನೆಯಲ್ಲಿ ಅಧಿಕಾರಿಯಾಗಿದ್ದ ಮೈಲ್ಸ್ ಸ್ಮೀಟನ್ ಮತ್ತು ಪತ್ನಿ ಬೆರಿಲ್ ಅವರ ಕಥೆ ಈ ನಾವಿಕರ ನಡುವೆ ಪ್ರಸಿದ್ಧ. 46 ಅಡಿ ಉದ್ದದ ತ್ಸು ಹಾಂಗ್ ಎಂಬ ಹಾಯಿದೋಣಿಯಲ್ಲಿ ಅವರು, ಜಾನ್ ಗಜ್ವೆಲ್ ಎಂಬ ಗೆಳೆಯ, ಮತ್ತು ಒಂದು ಸಯಾಮಿ ಬೆಕ್ಕು 1956ರ ಕೊನೆಯಲ್ಲಿ ಆಸ್ಟ್ರೇಲಿಯಾದಿಂದ ಕೇಪ್ ಹಾರ್ನ್ ಕಡೆಗೆ ಹೊರಟರು. 1957ರ ಫೆಬ್ರವರಿ 14ರಂದು ಭಾರೀ ಅಲೆಯೊಂದು ದೋಣಿಯನ್ನು ಮುಂದಕ್ಕೆ ತಲೆಕೆಳಗಾಗಿ ಮಗುಚಿತು. ಚುಕ್ಕಾಣಿಯಲ್ಲಿದ್ದ ಬೆರಿಲ್ ಅವರ ರಕ್ಷಣಾ ಹಗ್ಗ ತುಂಡಾಗಿ ಕಡಲಿಗೆ ಎಸೆಯಲ್ಪಟ್ಟರು. ತಲೆಗೂ ಭುಜಕ್ಕೂ ಪೆಟ್ಟಾಗಿದ್ದರೂ ಈಜಿ ದೋಣಿಯ ಹತ್ತಿರ ಬಂದರು. ಇಬ್ಬರೂ ಸೇರಿ ಅವರನ್ನು ಎಳೆದುಕೊಂಡರು. ಪಟದ ಕಂಬಗಳು ಹೋಗಿದ್ದವು. ಮೇಲ್ಛಾವಣಿ ಕಿತ್ತುಹೋಗಿ ದೋಣಿ ತುಂಬ ನೀರು. ಗಾಯಗೊಂಡ ಬೆರಿಲ್ ಸಹ ಬಕೆಟು ಹಿಡಿದು ನೀರು ಮೊಗೆದರು. ಕೈಗೆ ಸಿಕ್ಕ ಮರಗಳಿಂದ ಕಂಬ ಕಟ್ಟಿ, ಮಾರ್ಚ್ ತಿಂಗಳಲ್ಲಿ ಚಿಲಿಯ ದಡ ಸೇರಿದರು. ಬೆಕ್ಕೂ ಬದುಕಿತು.

ದೋಣಿ ದುರಸ್ತಿ ಮಾಡಿಕೊಂಡು ಅದೇ ವರ್ಷದ ಡಿಸೆಂಬರಿನಲ್ಲಿ ದಂಪತಿಗಳಿಬ್ಬರೇ ಮತ್ತೆ ಹೊರಟರು. ಕ್ರಿಸ್ಮಸಿನ ಮರುದಿನ ದೋಣಿ ಮತ್ತೆ ಮಗುಚಿ ಎದ್ದಿತು. ಮತ್ತೆ ಕಂಬ ಮುರಿಯಿತು. ಮತ್ತೆ ಹೇಗೋ ದಡ ಸೇರಿದರು. ಹನ್ನೊಂದು ವರ್ಷಗಳ ನಂತರ, 1968ರ ಡಿಸೆಂಬರಿನಲ್ಲಿ, ಇಬ್ಬರಿಗೂ ವಯಸ್ಸು ಅರುವತ್ತು ದಾಟಿದ ಮೇಲೆ, ಕೇಪ್ ಹಾರ್ನ್ ಅನ್ನು ಸುರಕ್ಷಿತವಾಗಿ ಸುತ್ತಿ ಬಂದರು.

ಇಂಥ ಸಾಹಸವನ್ನು ನೀವೂ ಮಾಡಿ ಎಂದು ನಾವು ಹೇಳುತ್ತಿಲ್ಲ. ಎರಡು ಬಾರಿ ಮುಳುಗುವಷ್ಟರಲ್ಲಿದ್ದ ದಂಪತಿಗಳು ಮೂರನೆಯ ಬಾರಿ ಒಂದೇ ದೋಣಿ ಹತ್ತಿದರಲ್ಲ, ಅದನ್ನು ನೆನೆಯುತ್ತಿದ್ದೇವೆ. ನೀನು ಸರಿಯಾಗಿ ಚುಕ್ಕಾಣಿ ಹಿಡಿಯಲಿಲ್ಲ ಎಂದು ಒಬ್ಬರು, ಹೊರಟದ್ದೇ ನಿನ್ನ ಹಟದಿಂದ ಎಂದು ಇನ್ನೊಬ್ಬರು ಹನ್ನೊಂದು ವರ್ಷ ಹೇಳುತ್ತಾ ಕೂತಿದ್ದರೆ ಆ ದೋಣಿ ಮತ್ತೆ ಕಡಲಿಗೆ ಇಳಿಯುತ್ತಿರಲಿಲ್ಲ.

ಸರದಿಯ ಪ್ರಾರ್ಥನೆ

ಕೇಪ್ ಹಾರ್ನ್ ಇರುವ ಪುಟ್ಟ ದ್ವೀಪದಲ್ಲಿ ಮರಗಳು ತೀರಾ ವಿರಳ, ಊರಿಲ್ಲ. ಒಂದು ದೀಪಸ್ತಂಭವಿದೆ. ಚಿಲಿ ನೌಕಾಪಡೆಯ ಸಿಬ್ಬಂದಿಯೊಬ್ಬರು ತಮ್ಮ ಹೆಂಡತಿ ಮಕ್ಕಳೊಡನೆ ವರ್ಷಕಾಲ ಅಲ್ಲಿದ್ದು ಅದನ್ನು ನೋಡಿಕೊಳ್ಳುತ್ತಾರೆ. ಪಕ್ಕದಲ್ಲೇ ಮರದ ದಿಮ್ಮಿಗಳಿಂದ ಕಟ್ಟಿದ ಚಿಕ್ಕ ಪ್ರಾರ್ಥನಾಲಯ. ಅದರ ಹೆಸರು ಸ್ಟೆಲ್ಲಾ ಮಾರಿಸ್. ಕಡಲಿನ ನಕ್ಷತ್ರ ಎಂದು ಮಾತೆ ಮರಿಯಮ್ಮನವರನ್ನು ನಾವಿಕರು ಕರೆಯುವ ಹೆಸರದು. ಅಲ್ಲಿ ಜೀವ ಕಳೆದುಕೊಂಡ ನಾವಿಕರ ನೆನಪಿಗೆ 1992ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಆಲ್ಬಟ್ರಾಸ್ ಹಕ್ಕಿಯ ಆಕಾರವಿದೆ. ಆ ಹಕ್ಕಿಗಳು ಒಮ್ಮೆ ಜೋಡಿಯಾದರೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಜೋಡಿ. ಒಂದು ಮೊಟ್ಟೆಗೆ ಕಾವು ಕೊಡುವಾಗ ಇನ್ನೊಂದು ಕಡಲಿಗೆ ಹೋಗಿ ಆಹಾರ ಹುಡುಕುತ್ತದೆ. ಆಮೇಲೆ ಸರದಿ ಬದಲಾಗುತ್ತದೆ.

ಶಾಂತ ದಿನಗಳಲ್ಲಿ ದಂಪತಿಗಳ ದೋಣಿಗಳೂ ಇಲ್ಲಿ ನಿಲ್ಲುವುದುಂಟು. ಆದರೆ ಪಾಚಿ ತುಂಬಿದ ತಳದಲ್ಲಿ ಲಂಗರು ಸರಿಯಾಗಿ ಹಿಡಿಯುವುದಿಲ್ಲ. ದೋಣಿಯನ್ನು ಖಾಲಿ ಬಿಟ್ಟು ಇಬ್ಬರೂ ಇಳಿಯುವುದು ಅಪಾಯ. ಹಾಗಾಗಿ ಒಬ್ಬರು ಮೆಟ್ಟಿಲು ಹತ್ತಿ ಹೋಗಿ ಬರುವತನಕ ಇನ್ನೊಬ್ಬರು ದೋಣಿ ಕಾಯುತ್ತಾರೆ. ಸಾವಿರಾರು ಮೈಲಿ ಜೊತೆಯಾಗಿ ಬಂದು, ಆ ಪ್ರಾರ್ಥನಾಲಯದೊಳಗೆ ಮಾತ್ರ ಒಬ್ಬೊಬ್ಬರೇ ಹೋಗಬೇಕು. ಮಗು ಅತ್ತರೆ ಹೊರಗೆ ಎತ್ತಿಕೊಂಡು ನಿಲ್ಲಲು ಸರದಿ ಹಾಕಿಕೊಂಡು ಭಾನುವಾರದ ಪೂಜೆಗೆ ಬರುವ ನಮ್ಮ ಎಳೆಯ ತಂದೆತಾಯಿಗಳಿಗೆ ಇದು ಚೆನ್ನಾಗಿ ಅರ್ಥವಾದೀತು.

ಮಾತನಾಡಲು ಎರಡನೆಯವರು

ಯಾಗನ್ ಭಾಷೆಯನ್ನು ತಾಯ್ನುಡಿಯಾಗಿ ಕಲಿತು ಚೆನ್ನಾಗಿ ಮಾತನಾಡಬಲ್ಲ ಕೊನೆಯ ವ್ಯಕ್ತಿ ಕ್ರಿಸ್ಟಿನಾ ಕಾಲ್ಡೆರಾನ್ ಎಂಬ ಅಜ್ಜಿ. ಪ್ಯುಯೆರ್ಟೊ ವಿಲಿಯಮ್ಸ್ ಬಳಿಯ ಉಕಿಕಾ ಎಂಬಲ್ಲಿ ಅವರ ಮನೆ. 2003ರಲ್ಲಿ ಅವರ ಅಕ್ಕ ಉರ್ಸುಲಾ ತೀರಿಕೊಂಡರು. 2005ರಲ್ಲಿ ಆ ಭಾಷೆ ಬಲ್ಲ ಇನ್ನೊಬ್ಬ ಬಂಧು ತೀರಿಕೊಂಡರು. ಅಲ್ಲಿಂದ ಮುಂದೆ ಹದಿನಾರು ವರ್ಷಕ್ಕೂ ಹೆಚ್ಚು ಕಾಲ, ತಾಯಿಯಿಂದ ಕಲಿತ ಮಾತಿಗೆ ಅದೇ ಮಾತಿನಲ್ಲಿ ಸರಾಗವಾಗಿ ಉತ್ತರ ಕೊಡುವವರು ಅಜ್ಜಿಗೆ ಸಿಗಲಿಲ್ಲ. 2022ರ ಫೆಬ್ರವರಿ 16ರಂದು, 93ನೆಯ ವಯಸ್ಸಿನಲ್ಲಿ, ಅವರೂ ತೀರಿಕೊಂಡರು. ತಮಗೆ ಗೊತ್ತಿದ್ದ ಪದಗಳನ್ನೂ ಕಥೆಗಳನ್ನೂ ಮನೆಯ ಮಕ್ಕಳ ಸಹಾಯದಿಂದ ಬರೆಸಿಟ್ಟು ಹೋಗಿದ್ದಾರೆ.

ರಾಜ್ಯದ ಗಡಿಯ ಈಚೆ ಕುಳಿತು ಮಕ್ಕಳಿಗೆ ಕನ್ನಡ ಕಲಿಸಲು ಹೆಣಗುವ ನಮಗೆ ಆ ಅಜ್ಜಿಯ ಒಂಟಿತನ ಸ್ವಲ್ಪವಾದರೂ ತಿಳಿಯುತ್ತದೆ. ಮಾತು ಉಳಿಯಬೇಕಾದರೆ ಇಬ್ಬರು ಬೇಕು. ಮದುವೆಯೂ ಹಾಗೆಯೇ.

ಪ್ರಿಯ ದಂಪತಿಗಳೇ, ನಿಮ್ಮ ಮನೆ ಎಷ್ಟು ದೊಡ್ಡದಾದರೂ ಸಂಸಾರ ಸಣ್ಣ ದೋಣಿಯೇ. ಇಂದು ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ, ಮೊಬೈಲು ಪಕ್ಕಕ್ಕಿಟ್ಟು, ಹತ್ತು ನಿಮಿಷ ಎದುರೆದುರು ಕುಳಿತುಕೊಳ್ಳಿ. ಸಾಲದ ಕಂತು, ಮಗಳ ಓದು, ಅತ್ತೆಯ ಮೊಣಕಾಲು ನೋವು, ಹೋದ ತಿಂಗಳು ಆಡಿದ ಒಂದು ಕಟುಮಾತು, ಇವುಗಳಲ್ಲಿ ಯಾವ ಹಗ್ಗವನ್ನು ಯಾರು ಹಿಡಿದಿದ್ದಾರೆ ಎಂದು ಕೇಳಿಕೊಳ್ಳಿ. ಒಬ್ಬರ ಕೈಯಲ್ಲೇ ನಾಲ್ಕೂ ಹಗ್ಗಗಳಿದ್ದರೆ ಒಂದನ್ನು ತೆಗೆದುಕೊಳ್ಳಿ. ಹೇಳಬೇಕಾದ ಮಾತು ಇಬ್ಬರ ಬಾಯಲ್ಲೂ ಕಾಯುತ್ತಿದ್ದರೆ, ಎದುರಿನವರು ಶುರುಮಾಡಲಿ ಎಂದು ನೋಡುತ್ತಾ ಕೂರಬೇಡಿ.

ಗಾಳಿ ಏಳುವ ಮೊದಲು ನೀವೇ ಶುರುಮಾಡಿ.